ಕೈ ಕಪ್ಪಾಗದವಳು ನಮ್ಮನೆಗೆ ಸುಲಿಗೆಗೆ ಬಂದಿದ್ದು

ಅಡಿಕೆ ಕೊಯ್ಲು ಶುರುವಾಗಿ ಒಂದು ವಾರ ಆಗಿತ್ತು. ಅಂಗಳದ ತುಂಬ ಗೊನೆ, ಜಗಲಿ ತುಂಬ ಜನ, ಹಿತ್ತಲ ಒಲೆ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅಂಥ ಹೊತ್ತಲ್ಲಿ ಬಿಳಿ ಕಾರಿನಿಂದ ಒಬ್ಬರು ಇಳಿದು ಬಂದರು. ನನ್ನ ಮುಖ ನೋಡಲಿಲ್ಲ. ಸೀದಾ ಜಗಲಿಯ ಮುಂಡಿಗೆ ಹತ್ತಿರ ಹೋಗಿ ಬೆರಳಲ್ಲಿ ತಟ್ಟಿ, ‘ಮೇಡಂ, ಇದು ಒರಿಜಿನಲ್ಲಾ?’ ಅಂದರು.

ಯಾರೋ ಹಳೇ ಮನೆ ಕಂಬ ಕೊಳ್ಳೋ ವ್ಯಾಪಾರಿ ಅಂದುಕೊಂಡೆ. ನಮ್ಮ ಕಡೆ ಅಂಥವರು ತುಂಬ ಬರುತ್ತಾರೆ. ಮುಂಡಿಗೆ, ಹೆಬ್ಬಾಗಿಲು, ಅಕ್ಕಿ ಮುಡಿ ಇಡುತ್ತಿದ್ದ ಪೆಟ್ಟಿಗೆ ಎಲ್ಲಾ ಕೊಂಡುಹೋಗಿ ಬೆಂಗಳೂರಿನ ರೆಸಾರ್ಟಿಗೆ ಹಾಕ್ತಾರೆ. ‘ಮಾರೋದಿಲ್ಲ’ ಅಂದೆ. ‘ಅಯ್ಯೋ ಕೊಳ್ಳೋಕಲ್ಲ ಮೇಡಂ, ಶೂಟಿಂಗಿಗೆ’ ಅಂದರು. ಧಾರಾವಾಹಿಯ ಪ್ರೊಡಕ್ಷನ್ ಮ್ಯಾನೇಜರ್ ಅಂತೆ. ತೀರ್ಥಹಳ್ಳಿ ಸುತ್ತ ಎರಡು ದಿನದಿಂದ ಮನೆ ಹುಡುಕುತ್ತಿದ್ದರಂತೆ. ಎಲ್ಲರ ಮನೆಗೂ ಟೈಲ್ಸ್ ಬಂದುಬಿಟ್ಟಿದೆ, ನಮ್ಮದೊಂದೇ ಬಡವರ ಹಾಗೆ ಉಳಿದಿದೆ. ಅದಕ್ಕೇ ಇಷ್ಟ ಆಯಿತು ಅನಿಸುತ್ತೆ.

ಧಾರಾವಾಹಿಯ ಹೆಸರು ಹೇಳೋದು ಬೇಡ. ಮುಂದೆ ಅವರ ಬಗ್ಗೆ ಒಂದೆರಡು ಮಾತು ಬೈಯೋದಿದೆ. ಕಥೆ ಮಾತ್ರ ಹೇಳ್ತೀನಿ. ಹುಡುಗಿಯ ಅಪ್ಪನ ತೋಟವನ್ನು ಊರಿನ ಸಾಹುಕಾರ ಮೋಸದಿಂದ ಬರೆಸಿಕೊಂಡಿದ್ದಾನೆ. ಹೇಗೆ ಅಂದರೆ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ‘ಇವನೇ ತೋಟದ ಮಾಲೀಕ’ ಅಂತ ಬೇರೆ ಯಾರನ್ನೋ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದ್ದಾನೆ. ಅಪ್ಪ ಅದೇ ಕೊರಗಲ್ಲಿ ಸತ್ತಿದ್ದಾನೆ. 18 ವರ್ಷ ಆದಮೇಲೆ ಮಗಳು ಬೆಂಗಳೂರಿನ ದೊಡ್ಡ ಕೆಲಸ ಬಿಟ್ಟು, ಹೆಸರು ಬದಲಿಸಿಕೊಂಡು, ಅದೇ ಸಾಹುಕಾರನ ಮನೆಗೆ ಅಡಿಕೆ ಸುಲಿಯೋ ಆಳಾಗಿ ಸೇರುತ್ತಾಳೆ. ಆ ಸೇರೋ ಎಪಿಸೋಡ್ ನಮ್ಮನೇಲಿ ಆಗಬೇಕು. ಸುಳ್ಳು ಹೆಸರಿನವನು ಕಿತ್ತುಕೊಂಡಿದ್ದನ್ನ ಸುಳ್ಳು ಹೆಸರಿನವಳು ವಾಪಸ್ ತರಬೇಕು, ಅದು ಕಥೆ. ಕೇಳೋಕೆ ಚೆನ್ನಾಗಿಯೇ ಇದೆ, ಅಲ್ವಾ?

ಕೊಯ್ಲಿನ ಮಧ್ಯೆ ಇದೆಲ್ಲ ಬೇಡ ಅಂತ ನನ್ನ ಯಜಮಾನರು ಹೇಳಿದರು. ‘ಬರಲಿ ಬಿಡಾ’ ಅಂದವರು ಅತ್ತೆ. ಅದಕ್ಕೊಂದು ಹಳೇ ಕಾರಣ ಇದೆ. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯ ದೊಡ್ಡಮನೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೂಟಿಂಗ್ ಮಾಡುವಾಗ ಅತ್ತೆ ಹೊಸ ಮದುಮಗಳು. ಇಡೀ ತಾಲ್ಲೂಕೇ ಹೋಗಿ ನೋಡಿಕೊಂಡು ಬಂತು, ಇವರನ್ನು ಮಾತ್ರ ಮನೆಯವರು ಕಳಿಸಲಿಲ್ಲ. ಆವತ್ತಿನ ಸಿಟ್ಟನ್ನು ಅತ್ತೆ ಉಪ್ಪಿನಕಾಯಿ ಭರಣಿಯ ಹಾಗೆ ಬಾಯಿ ಕಟ್ಟಿ ಇಟ್ಟುಕೊಂಡಿದ್ದರು. ಈಗ ಶೂಟಿಂಗೇ ಮನೆ ಬಾಗಿಲಿಗೆ ಬಂದರೆ ಬಿಡ್ತಾರಾ?

ಎರಡು ದಿನಕ್ಕೆ ಬಾಡಿಗೆ ಮಾತಾಯಿತು. ಅರ್ಧ ಮುಂಗಡ, ಅರ್ಧ ಮುಗಿದ ದಿನ. ಆ ಉಳಿದ ಅರ್ಧಕ್ಕೆ ನಾನು ಎಷ್ಟು ಸಲ ಫೋನ್ ಮಾಡಿದೆ ಅನ್ನೋದನ್ನ ಆಮೇಲೆ ಹೇಳ್ತೀನಿ. ಒಂದು ಬುದ್ಧಿವಂತಿಕೆ ಮಾಡಿದ್ದೆ, ಮನೆಯ ಪ್ರತಿ ಕೋಣೆಯ ಫೋಟೋ ಮೊದಲೇ ತೆಗೆದಿಟ್ಟುಕೊಂಡಿದ್ದೆ. ಯಾರಾದರೂ ಮನೆ ಕೊಡೋರಿದ್ದರೆ ಇದೊಂದು ಮಾಡಿ. ಮಾಡಿನ ಹಂಚು ಎಷ್ಟಿದೆ ಅಂತಲೂ ಎಣಿಸಿಟ್ಟುಕೊಳ್ಳಿ. ಲೈಟು ಕಟ್ಟೋಕೆ ಮೇಲೆ ಹತ್ತಿದ ಹುಡುಗರು ಹನ್ನೊಂದು ಹಂಚು ಒಡೆದರು, ಲೆಕ್ಕಕ್ಕೆ ಬಂದಿದ್ದು ನಾಲ್ಕೇ.

ಶೂಟಿಂಗ್ ದಿನ ಬೆಳಗ್ಗೆ ಆರೂವರೆಗೆ, ಮಂಜು ಇನ್ನೂ ತೋಟದಿಂದ ಮೇಲೆ ಎದ್ದಿರಲಿಲ್ಲ, ವ್ಯಾನುಗಳು ಬಂದವು. ಜನರೇಟರ್ ಗಾಡಿ ನಮ್ಮ ದಾರಿಯ ತಿರುವಿನಲ್ಲಿ ಸಿಕ್ಕಿಕೊಂಡಿತು, ಅದನ್ನ ಎಳೆಯೋಕೆ ಪಕ್ಕದ ಮನೆಯ ಟ್ರ್ಯಾಕ್ಟರ್ ಬೇಕಾಯಿತು. ನಲವತ್ತು ಜನ ಇದ್ದರು. ಲೈಟಿನವರು, ಕ್ಯಾಮೆರಾದವರು, ಮೇಕಪ್‌ನವರು, ಕಾಸ್ಟ್ಯೂಮ್ ಟ್ರಂಕು, ತಿಂಡಿ ಮಾಡೋ ಪ್ರೊಡಕ್ಷನ್ ಹುಡುಗರು. ಆ ಹುಡುಗರ ಟೀ ನಮ್ಮತ್ತೆ ಒಂದು ಗುಟುಕು ಕುಡಿದು ಲೋಟವನ್ನ ಹಾಗೇ ತೆಂಗಿನ ಬುಡಕ್ಕೆ ಚೆಲ್ಲಿ, ಒಳಗೆ ಹೋಗಿ ನಲವತ್ತು ಜನಕ್ಕೂ ಕಷಾಯ ಇಟ್ಟರು. ಆಮೇಲೆ ಎರಡು ದಿನ ನಮ್ಮ ಅಡಿಗೆಮನೆ ಒಲೆ ಆರಲೇ ಇಲ್ಲ.

ನಾವು ಅರ್ಧ ಗಂಟೆ ಟೀವಿಯಲ್ಲಿ ನೋಡೋದರಲ್ಲಿ ಜಾಹೀರಾತು ಕಳೆದರೆ ಸುಮಾರು 22 ನಿಮಿಷ ಇರುತ್ತೆ. ಅಷ್ಟನ್ನ ಒಂದೇ ದಿನಕ್ಕೆ ಮುಗಿಸಬೇಕಂತೆ. ಇಲ್ಲಿ ಕಷ್ಟದ ಜಾಗ ಅಂತ ಎರಡು ದಿನ ಕೊಟ್ಟಿದ್ದರು. ಕಥೆ ಬರೆಯೋರು ಬೇರೆ, ದೃಶ್ಯ ಮಾಡೋರು ಬೇರೆ, ಮಾತು ಬರೆಯೋರು ಬೇರೆ. ಆವತ್ತಿನ ಮಾತು ಆವತ್ತು ಬೆಳಗ್ಗೆ ವಾಟ್ಸಾಪಿಗೆ ಬರುತ್ತೆ. ನಟರು ಬಾಯಿಪಾಠ ಮಾಡೋದಿಲ್ಲ. ಕ್ಯಾಮೆರಾ ಪಕ್ಕದಲ್ಲಿ ಸಹಾಯಕ ನಿರ್ದೇಶಕ ನಿಂತು ಒಂದೊಂದು ಸಾಲು ಹೇಳಿಕೊಡ್ತಾನೆ, ಇವರು ಅದನ್ನ ಎತ್ತಿಕೊಂಡು ಅಳುತ್ತಾ ಹೇಳ್ತಾರೆ. ಅವನೋ ಕೈಯಲ್ಲಿ ವಡೆ ಹಿಡಿದುಕೊಂಡು ‘ನನ್ನ ಅಪ್ಪನನ್ನು ಕೊಂದವನು ನೀನೇ’ ಅಂತ ತರಕಾರಿ ಪಟ್ಟಿ ಓದೋ ಹಾಗೆ ಓದ್ತಿದ್ದ. ನನಗೆ ನಗು ತಡೆಯೋಕಾಗದೆ ಬಚ್ಚಲಿಗೆ ಓಡಿದೆ.

ಮೊದಲ ದಿನದ ದೊಡ್ಡ ಸೀನು ಸುಲಿಗೆಯದು. ‘ಸುಲಿಗೆ’ ಅಂದರೆ ಬಯಲುಸೀಮೆಯವರಿಗೆ ದರೋಡೆ. ನಮಗೆ ಹಸಿ ಅಡಿಕೆಯ ಸಿಪ್ಪೆ ತೆಗೆಯೋ ಕೆಲಸ. ಮಾತು ಬರೆಯೋ ಹುಡುಗ ಬೆಂಗಳೂರಿನವನು. ‘ಸಾಹುಕಾರರ ಮನೆಗೆ ಸುಲಿಗೆಗೆ ಬಂದಿದ್ದೀನಿ’ ಅಂತ ನಾಯಕಿ ಹೇಳೋ ಸಾಲು ಬರೆದು, ‘ಎರಡೂ ಅರ್ಥ ಬರುತ್ತೆ’ ಅಂತ ತಾನೇ ಖುಷಿಪಟ್ಟುಕೊಂಡಿದ್ದ. ಅದು ಮಾತ್ರ ಒಪ್ಪಬೇಕಾದ್ದೇ.

ಈಗೆಲ್ಲ ಸುಲಿಯೋ ಮಿಷನ್ ಬಂದಿದೆ. ನಮ್ಮನೇಲಿ ಮಾತ್ರ ಇನ್ನೂ ಅರ್ಧಕ್ಕರ್ಧ ಕೈ ಸುಲಿಗೆ. ಏಳೆಂಟು ಹೆಂಗಸರು ಬರ್ತಾರೆ, ಡಬ್ಬದ ಲೆಕ್ಕದಲ್ಲಿ ಕೂಲಿ. ಅವರಲ್ಲಿ ಹಿರಿಯರನ್ನ ಎಲ್ಲರೂ ದೊಡ್ಡಕ್ಕ ಅಂತ ಕರೀತೀವಿ. ಅರವತ್ತೆರಡೋ ಮೂರೋ ವಯಸ್ಸು. ಮೆಟ್ಟುಗತ್ತಿ ಮಣೆ ಮೇಲೆ ಕೂತರೆ ಅಲ್ಲಿಂದ ಏಳೋದು ಊಟಕ್ಕೆ ಮಾತ್ರ. ನಿರ್ದೇಶಕರು ಇವರನ್ನೇ ಸಾಲಾಗಿ ಕೂರಿಸಿ, ಮಧ್ಯೆ ನಾಯಕಿಯನ್ನು ಕೂರಿಸೋದು ಅಂತ ಮಾಡಿದರು. ಹೊರಗಿನಿಂದ ಕಲಾವಿದರನ್ನ ಕರೆತರೋ ಖರ್ಚು ಉಳೀತು ಅಂತಲೂ ಇರಬಹುದು. ಅವರಿಗೆ ದಿನದ ಕೂಲಿಯ ಜೊತೆ ಇನ್ನೂ ಮುನ್ನೂರು ಕೊಡಿಸೋಕೆ ನಾನು ಮ್ಯಾನೇಜರ್ ಹತ್ತಿರ ಸಣ್ಣ ಜಗಳ ಮಾಡಿದೆ.

ಸಂಜೆಯ ಸೀನನ್ನ ಹಗಲಲ್ಲೇ ಅಂಗಳಕ್ಕೆ ಕಪ್ಪು ಬಟ್ಟೆ ಕಟ್ಟಿ ತೆಗೆದರು. ಸಾಹುಕಾರ ಬರ್ತಾನೆ. ಹೊಸ ಹುಡುಗಿ ಮೇಲೆ ಅನುಮಾನ. ಹತ್ತಿರ ಬಂದು ಮುಖ ಎತ್ತಿಸಿ ದಿಟ್ಟಿಸಿ ನೋಡ್ತಾನೆ. ‘ಯಾವೂರು ನಿಂದು?’ ಅವಳು ಸುಳ್ಳು ಊರು, ಸುಳ್ಳು ಹೆಸರು ಹೇಳ್ತಾಳೆ. ಅವನು ‘ಹೂಂ’ ಅಂತ ಮೀಸೆ ಸವರಿಕೊಂಡು ಹೋಗ್ತಾನೆ. ರಿಹರ್ಸಲ್ ಆಯಿತು. ‘ಟೇಕ್’ ಅಂದರು. ಎಲ್ಲಾ ಸರಿಯಾಗಿಯೇ ಹೋಗ್ತಿತ್ತು. ಸಾಹುಕಾರ ಮುಖ ದಿಟ್ಟಿಸೋ ಹೊತ್ತಿಗೆ ಪಕ್ಕದಲ್ಲಿ ಕೂತ ದೊಡ್ಡಕ್ಕ ಕತ್ತಿಯಿಂದ ಕಣ್ಣು ತೆಗೆಯದೆ, ತಮ್ಮಷ್ಟಕ್ಕೇ, ಆದರೆ ಇಡೀ ಅಂಗಳಕ್ಕೆ ಕೇಳೋ ಹಾಗೆ ಅಂದರು:

‘ಇವ ಎಂಥ ಕುರುಡ ಸಾಹುಕಾರ ಮಾರಾಯ್ತಿ. ಮುಖ ಯಾಕೆ ನೋಡ್ತಾನೆ? ಕೈ ನೋಡಿದ್ರೆ ಸಾಕಲ್ಲ.’

‘ಕಟ್’ ಅಂತ ಕೂಗಿದರು. ನಿರ್ದೇಶಕರಿಗೆ ಸಿಟ್ಟು ಬಂತು. ಆಮೇಲೆ ನಾಯಕಿಯ ಕೈ ನೋಡಿದರು. ಎಲ್ಲರೂ ನೋಡಿದೆವು. ಹಿಟ್ಟಿನ ಹಾಗೆ ಬಿಳಿ ಕೈ, ಉಗುರಿಗೆ ಬಣ್ಣ ಇಲ್ಲದ ಬಣ್ಣ, ಅದೇನೋ ಹೊಳೆಯೋದು ಇರುತ್ತಲ್ಲ, ಅದು. ಅವಳ ಎರಡೂ ಕಡೆ ಇದ್ದ ಹದಿನಾಲ್ಕು ಕೈ ಇದ್ದಿಲಿನ ಹಾಗೆ ಕಪ್ಪು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹಸಿ ಅಡಿಕೆ ಸಿಪ್ಪೆಯಲ್ಲಿ ಒಗರು ರಸ ಇರುತ್ತೆ. ಮೊದಲ ದಿನ ಕೈ ಬರೀ ಅಂಟಂಟು. ಮಾರನೇ ದಿನ ಕಂದು. ಮೂರನೇ ದಿನಕ್ಕೆ ಬೆರಳ ಸಂದಿ, ಉಗುರಿನ ಸುತ್ತ, ಅಂಗೈ ಗೆರೆ ಎಲ್ಲ ಕಪ್ಪಾಗಿ ಕೂರುತ್ತೆ. ಸೋಪಿಗೆ ಹೋಗಲ್ಲ. ಕೊಬ್ಬರಿ ಎಣ್ಣೆ ತಿಕ್ಕಿದರೆ ಮೇಲಿಂದು ಸ್ವಲ್ಪ ಬಿಡುತ್ತೆ, ಉಗುರಿಂದು ಉಗುರು ಬೆಳೆದೇ ಹೋಗಬೇಕು. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಮದುವೆ ಮನೆ ಪಂಕ್ತಿಯಲ್ಲಿ ಕೈ ನೋಡಿಯೇ ಯಾರ ಮನೆ ಸುಲಿಗೆ ಶುರುವಾಗಿದೆ ಅಂತ ಹೇಳಬಹುದು. ಒಂದು ವಾರದಿಂದ ಸುಲೀತಿದ್ದೀನಿ ಅಂತ ಹೇಳೋ ಹುಡುಗಿ ಆ ಬಿಳಿ ಕೈ ಇಟ್ಟುಕೊಂಡು ಕೂತರೆ ಸಾಹುಕಾರ ಯಾಕೆ, ನಮ್ಮನೆ ನಾಯಿಗೂ ಗೊತ್ತಾಗುತ್ತೆ.

‘ಯಾರಿಗೆ ತಿಳಿಯುತ್ತೆ ಬಿಡಿ’ ಅಂದರು ನಿರ್ದೇಶಕರು. ಟೈಮ್ ಹೋಗ್ತಿತ್ತು, ಅವರ ತಪ್ಪೂ ಅಲ್ಲ. ನನಗೆ ಎಲ್ಲಿತ್ತೋ ಧೈರ್ಯ, ಹೇಳಿಬಿಟ್ಟೆ. ‘ಸರ್, ಇದು ಡಿಸೆಂಬರಲ್ಲಿ ಬರುತ್ತೆ ಅಂದಿರಿ. ಆಗ ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪ, ಶಿರಸಿ, ಇಷ್ಟೂ ಕಡೆ ರಾತ್ರಿ ಟೀವಿ ಮುಂದೆ ಕೂತಿರೋರು ಸುಮ್ನೆ ಕೂತಿರಲ್ಲ. ಸುಲೀತಾ ಕೂತಿರ್ತಾರೆ.’ ಇದು ಸುಳ್ಳಲ್ಲ. ನಮ್ಮನೇಲೇ ಕೊಯ್ಲು ಬಂದರೆ ಟೀವಿ ಜಗಲಿಗೆ ಬರುತ್ತೆ. ಮೊದಲೆಲ್ಲ ಸುಲಿಗೆ ರಾತ್ರಿ ಅಂದರೆ ಕಥೆ ಹೇಳೋರು, ಹಾಡು ಹೇಳೋರು ಇರ್ತಿದ್ದರು. ಈಗ ಆ ಕೆಲಸ ಧಾರಾವಾಹಿಗೆ.

ನಿರ್ದೇಶಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಳ್ಳೇ ಮನುಷ್ಯ, ನಿಜವಾಗಿ. ಮಾತು ಬರೆಯೋ ಹುಡುಗನನ್ನ ಕರೆದು ಸೀನು ಬದಲಿಸಿದರು. ಈಗ ಸಾಹುಕಾರ ಮುಖ ನೋಡೋದಿಲ್ಲ. ‘ಕೈ ತೋರಿಸು’ ಅಂತಾನೆ. ಅವಳು ಹೆದರಿಕೊಂಡು ಕೈ ಚಾಚುತ್ತಾಳೆ. ಕೈ ಕಪ್ಪಾಗಿದೆ. ಅವನು ನಂಬುತ್ತಾನೆ. ಅಂದರೆ ಅವಳು ಬರೋ ಮೊದಲೇ ತಯಾರಾಗಿ ಬಂದಿದ್ದಾಳೆ, ಎಲ್ಲೋ ಕೂತು ವಾರಗಟ್ಟಲೆ ಸುಲಿದು ಕೈ ಮಾಡಿಕೊಂಡು ಬಂದಿದ್ದಾಳೆ ಅಂತ ನೋಡೋರಿಗೆ ಗೊತ್ತಾಗುತ್ತೆ. ಹೆಸರು ಬದಲಿಸೋದು ಸುಲಭ, ಕೈ ಬದಲಿಸೋದು ಕಷ್ಟ ಅಂತ ಒಂದು ಸಾಲು ಕೂಡ ಹುಡುಗ ಬರೆದ. ನಿರ್ದೇಶಕರು ಅದನ್ನ ಹೊಡೆದುಹಾಕಿದರು. ‘ಕೈ ತೋರಿಸಿದ ಮೇಲೆ ಬಾಯಲ್ಲಿ ಯಾಕೆ’ ಅಂದರು.

ಸರಿ, ಈಗ ಕೈ ಕಪ್ಪು ಮಾಡಬೇಕು. ಮೇಕಪ್‌ನವರು ಕಂದು ಬಣ್ಣ, ಕಪ್ಪು ಪುಡಿ ಏನೇನೋ ಬಳಿದರು. ದೊಡ್ಡಕ್ಕ ಆ ಕೈ ಹಿಡಿದು ತಿರುಗಿಸಿ ನೋಡಿ, ‘ಇದು ಮಸಿ ಕೆಲಸದ ಕೈ. ಕಾರಿನ ಮೆಕ್ಯಾನಿಕ್ಕು’ ಅಂದರು. ನಗು ತಡೆಯೋಕಾಗದೆ ಲೈಟ್ ಹಿಡಿದ ಹುಡುಗ ಲೈಟ್ ಅಲ್ಲಾಡಿಸಿದ. ಕೊನೆಗೆ ಆ ಹುಡುಗಿಯೇ ಎದ್ದು, ‘ನಿಜವಾಗಿ ಸುಲೀತೀನಿ, ಹೇಳಿಕೊಡಿ’ ಅಂದಳು. ಅವಳ ಮೇಲೆ ನನಗೆ ಅಲ್ಲಿಂದ ಪ್ರೀತಿ ಶುರು. ಮಂಡ್ಯ ಕಡೆಯವಳಂತೆ, ಕಬ್ಬು ನೋಡಿ ಬೆಳೆದವಳು, ಅಡಿಕೆಯನ್ನ ಹಸಿಯಾಗಿ ಕಂಡಿದ್ದು ಇದೇ ಮೊದಲು.

ದೊಡ್ಡಕ್ಕ ಕಲಿಸಿದರು. ಮಣೆ ಮೇಲೆ ಕೂತು ಕಾಲಲ್ಲಿ ಒತ್ತಿ ಹಿಡೀಬೇಕು. ಕತ್ತಿಯ ಬಾಯಿ ಮೇಲಕ್ಕೆ ಇರುತ್ತೆ. ಅದು ಅಲ್ಲಾಡಲ್ಲ, ಅಡಿಕೆ ಅಲ್ಲಾಡಬೇಕು. ಕಾಯನ್ನ ಎರಡೂ ಕೈ ಬೆರಳಲ್ಲಿ ಹಿಡಿದು ಕತ್ತಿ ಮೊನೆಗೆ ಒತ್ತಿ, ಸಿಪ್ಪೆಯಷ್ಟೇ ಸೀಳೋ ಹಾಗೆ ಒಂದು ತಿರುವು ಕೊಟ್ಟರೆ ಅರ್ಧ ಬಿಡುತ್ತೆ, ಇನ್ನೊಂದು ತಿರುವಿಗೆ ಒಳಗಿನ ಅಡಿಕೆ ಹೊರಗೆ. ಕತ್ತಿ ಒಳಗೆ ಹೋದರೆ ಅಡಿಕೆಗೆ ಗಾಯ, ಮಂಡಿಯಲ್ಲಿ ರೇಟು ಕಮ್ಮಿ. ಕತ್ತಿ ಜಾರಿದರೆ ಹೆಬ್ಬೆರಳಿಗೆ ಗಾಯ. ದೊಡ್ಡಕ್ಕನ ಎಡಗೈ ಹೆಬ್ಬೆರಳ ಮೇಲೆ ಉಗುರಿನಿಂದ ಗೆಣ್ಣಿನವರೆಗೆ ಒಂದು ಹಳೇ ಗೆರೆ ಇದೆ, ಹದಿನಾರನೇ ವಯಸ್ಸಿನದಂತೆ. ‘ಇದು ನನ್ನ ಪರೀಕ್ಷೆ ಪಾಸಾದ ಗುರುತು’ ಅಂತ ತೋರಿಸಿದರು. ನಾಯಕಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಂದು ಗಂಟೆಯಲ್ಲಿ ಹನ್ನೆರಡು ಅಡಿಕೆ ಸುಲಿದಳು. ಅಷ್ಟರಲ್ಲಿ ದೊಡ್ಡಕ್ಕನದು ಅರ್ಧ ಡಬ್ಬ ಆಗಿತ್ತು. ಹಾಗೂ ಕಪ್ಪು ಸಾಕಾಗಲಿಲ್ಲ. ಆಗ ಅತ್ತೆ ಹಂಡೆಯಿಂದ ಗಟ್ಟಿ ಚೊಗರು, ಅಂದರೆ ಅಡಿಕೆ ಬೇಯಿಸಿದ ರಸ, ತಂದು ಅವಳ ಎರಡೂ ಕೈಗೆ ಮದರಂಗಿ ಹಚ್ಚೋ ಹಾಗೆ ಹಚ್ಚಿ, ಒಲೆ ಮುಂದೆ ಕೂರಿಸಿ ಒಣಗಿಸಿದರು. ಈಗ ಸರಿಯಾಯಿತು. ಮೇಕಪ್‌ನವರು ಮೂಲೆಯಲ್ಲಿ ಮುಖ ಗಂಟು ಹಾಕಿಕೊಂಡು ನಿಂತಿದ್ದರು.

ಆದರೂ ಅವಳು ವೇಗವಾಗಿ ಸುಲಿಯೋದು ತೋರಿಸಬೇಕಿತ್ತಲ್ಲ. ಅದಕ್ಕೆ ನಿರ್ದೇಶಕರು ಒಂದು ಉಪಾಯ ಮಾಡಿದರು. ಅವಳ ಬಳೆ ಬಿಚ್ಚಿ ದೊಡ್ಡಕ್ಕನ ಕೈಗೆ ಹಾಕಿ, ಅವಳ ಸೀರೆ ಸೆರಗಿನ ತುದಿಯನ್ನ ದೊಡ್ಡಕ್ಕನ ಮೊಣಕೈ ಹತ್ತಿರ ಹಿಡಿದು, ಕೈ ಮಾತ್ರ ಕಾಣೋ ಹಾಗೆ ಕ್ಲೋಸಪ್ ತೆಗೆದರು. ಬಳೆ ಹೋಗಲಿಲ್ಲ, ಸೋಪು ಹಚ್ಚಿ ತೂರಿಸಿದ್ದಾಯಿತು. ವೇಷ ಹಾಕಿದವಳಿಗೆ ಇನ್ನೊಬ್ಬರ ಕೈ ವೇಷ. ದೊಡ್ಡಕ್ಕ ಒಂದೇ ಟೇಕಿಗೆ ಓಕೆ.

ಆ ಬಿಡುವಿನಲ್ಲಿ ದೊಡ್ಡಕ್ಕ ನನ್ನ ಹತ್ತಿರ ಕೇಳಿದರು. ‘ಅಲ್ಲ ಸಣ್ಣಮ್ಮ, ಈ ಹುಡುಗಿ ಹೆಸರು ಯಾಕೆ ಬದಲು ಮಾಡಿಕೊಂಡು ಬರಬೇಕು? ನಮ್ಮ ಮಾವ ಇದೇ ಅಂಗಳದಲ್ಲಿ ನಿಂತು, ಈ ಮನೆ ಒಡೆಯರೆದುರಿಗೇ, ನಾನು ಅರ್ಜಿ ಹಾಕ್ತೀನಿ ಒಡೆಯಾ ಅಂತ ಹೇಳಿಯೇ ಹಾಕಿದ್ದು.’

ಇದು ನಿಜ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ತಾವು ಉಳೋ ಭೂಮಿ ತಮಗೇ ಆಗಬೇಕು ಅಂತ ಫಾರಂ ನಂಬರ್ 7 ತುಂಬಿ ಡಿಕ್ಲರೇಶನ್ ಕೊಟ್ಟರು. ನಮ್ಮ ಮಾವನವರ ಅಪ್ಪನ ಹೆಸರಿಗಿದ್ದ ಗದ್ದೆಯಲ್ಲಿ ಒಂದಷ್ಟು ದೊಡ್ಡಕ್ಕನ ಮನೆಗೆ ಹೋಯಿತು. ಅದಕ್ಕೂ ಮೊದಲು, 1951ರಲ್ಲಿ, ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿ ಅಳೆಯೋ ಕೊಳಗದ ವಿಷಯಕ್ಕೇ ಸತ್ಯಾಗ್ರಹ ಆಗಿತ್ತು. ಒಡೆಯರ ಕೊಳಗ ದೊಡ್ಡದು ಅನ್ನೋದು ರೈತರ ದೂರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆಗಿದ್ದೂ ಅದೇ ಸತ್ಯಾಗ್ರಹದಲ್ಲಿ. ನಮ್ಮ ಮನೆಯ ಉಪ್ಪರಿಗೆಯಲ್ಲೂ ಒಂದು ಕೊಳಗ ಇದೆ. ಅದರ ಅಳತೆ ಎಷ್ಟು ಅಂತ ನಾನು ಯಾವತ್ತೂ ಅಳೆದು ನೋಡಿಲ್ಲ, ನೋಡೋ ಮನಸ್ಸೂ ಆಗಿಲ್ಲ. ಕಲೆ ವಿಭಾಗದ ಹುಡುಗ ಅದನ್ನೇ ಹುಡುಕಿ ತಂದು ಸಾಹುಕಾರನ ಕುರ್ಚಿ ಪಕ್ಕ ಇಟ್ಟ. ಅತ್ತೆ ಏನೂ ಹೇಳಲಿಲ್ಲ. ದೊಡ್ಡಕ್ಕನೂ ಏನೂ ಹೇಳಲಿಲ್ಲ. ಇಬ್ಬರೂ ಅದನ್ನ ನೋಡಿದ್ದು ನಾನು ನೋಡಿದೆ.

ಎರಡನೇ ದಿನ ಉಪ್ಪರಿಗೆಯ ಸೀನು. ಅವಳು ಕದ್ದು ಮೆಟ್ಟಿಲು ಹತ್ತಿ, ಪೆಟ್ಟಿಗೆ ತೆಗೆದು, ಹಳೇ ಕ್ರಯಪತ್ರ ಹುಡುಕಿ, ಅದರ ಹೆಬ್ಬೆಟ್ಟಿನ ಗುರುತಿಗೆ ಬೆರಳಿಟ್ಟು ‘ಇದು ನನ್ನ ಅಪ್ಪನದಲ್ಲ’ ಅಂತ ಅಳಬೇಕು. ಕೆಳಗೆ ಸಾಹುಕಾರ ಕುಡಿದು ತಾನು ಮಾಡಿದ ಮೋಸವನ್ನ ಯಾರಿಗೋ ಹೇಳ್ತಿರ್ತಾನೆ, ಅದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಬೇಕು. ಅಲ್ಲಿಗೆ ಎಪಿಸೋಡ್ ನಿಲ್ಲುತ್ತೆ.

ಹಿಂದಿನ ರಾತ್ರಿ ಜಗಲಿಯಲ್ಲಿ ಕಷಾಯ ಕುಡೀತಾ ನಿರ್ದೇಶಕರು ಇದನ್ನೆಲ್ಲ ವಿವರಿಸುವಾಗ ನನ್ನ ಮೈದುನ ಬಂದ. ತೀರ್ಥಹಳ್ಳಿ ಕೋರ್ಟಿನಲ್ಲಿ ವಕೀಲ. ಪೂರ್ತಿ ಕೇಳಿಸಿಕೊಂಡು, ‘ಸರ್, ಇವಳು ಯಾಕೆ ಬಂದಿದ್ದು ಸಾಹುಕಾರನ ಮನೆಗೆ?’ ಅಂದ.

‘ಪತ್ರ ಹುಡುಕೋಕೆ.’

‘ಪತ್ರ ಸಬ್‌ರಿಜಿಸ್ಟ್ರಾರ್ ಆಫೀಸಲ್ಲೇ ಇದೆಯಲ್ಲ ಸರ್. ಜಮೀನಿನ ಪತ್ರಗಳು ಅಲ್ಲಿ ಒಂದನೇ ಪುಸ್ತಕ ಅನ್ನೋ ರಿಜಿಸ್ಟರಲ್ಲಿರುತ್ತೆ, ಫೀ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು, ನಕಲು ತಗೋಬಹುದು. ನೋಂದಣಿ ಕಾಯ್ದೆ 57ನೇ ಸೆಕ್ಷನ್. ನಿಮ್ಮ ಕಥೆ 18 ವರ್ಷ ಹಿಂದಿನದು ಅಂದರೆ 2001ರ ತಿದ್ದುಪಡಿ ಆದಮೇಲಿನದು. ಬರೆದುಕೊಟ್ಟವನ ಫೋಟೋನೂ ಹೆಬ್ಬೆಟ್ಟೂ ಪತ್ರದ ಜೊತೆಗೇ ಇರಬೇಕು. ಫೋಟೋ ನೋಡಿದರೆ ಅಪ್ಪ ಅಲ್ಲ ಅಂತ ಮಗಳಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.’

ಮಾತು ಬರೆಯೋ ಹುಡುಗನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಮೈದುನನಿಗೆ ಕೇಳೋರು ಸಿಕ್ಕಿದರೆ ನಿಲ್ಲಿಸೋ ಅಭ್ಯಾಸ ಇಲ್ಲ. ಬೇರೆಯವನ ವೇಷದಲ್ಲಿ ನೋಂದಣಿ ಮಾಡಿಸಿದವನಿಗೆ ಅದೇ ಕಾಯ್ದೆಯ 82ನೇ ಸೆಕ್ಷನ್, 7 ವರ್ಷದವರೆಗೆ ಜೈಲು. ಇನ್ನು ನಿಮ್ಮ ನಾಯಕಿ, ಅವಳೂ ಸುಳ್ಳು ಹೆಸರು ಹೇಳಿದ್ದಾಳಲ್ಲ. ಸುಮ್ನೆ ಹೆಸರು ಬದಲಿಸಿ ಹೇಳಿದರೆ ಅಪರಾಧ ಅಲ್ಲ, ಅದರಿಂದ ವಂಚನೆ ಮಾಡಿದರೆ ಅಪರಾಧ. ಹಳೇ ಐಪಿಸಿಯಲ್ಲಿ 419, ಮೂರು ವರ್ಷ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ 319, ಐದು ವರ್ಷದವರೆಗೆ. ‘ಸಾಹುಕಾರನ ವಕೀಲ ನಾನಾದರೆ ಇವಳ ಮೇಲೇ ಮೊದಲು ಕಂಪ್ಲೇಂಟ್ ಕೊಡಿಸ್ತೀನಿ’ ಅಂದ.

‘ರೆಕಾರ್ಡಿಂಗ್ ಇದೆಯಲ್ಲ!’ ಅಂದರು ನಿರ್ದೇಶಕರು, ಸ್ವಲ್ಪ ಕಂಗಾಲಾಗಿ.

ಅದು ನಡೆಯಬಹುದು ಅಂದ. ಕದ್ದು ರೆಕಾರ್ಡ್ ಮಾಡಿದ್ದು ಅನ್ನೋ ಒಂದೇ ಕಾರಣಕ್ಕೆ ಕೋರ್ಟು ಬಿಸಾಕೋದಿಲ್ಲ. 1972ರಲ್ಲೇ ಬೊಂಬಾಯಿಯ ಒಂದು ಲಂಚದ ಕೇಸಲ್ಲಿ ಸುಪ್ರೀಂ ಕೋರ್ಟು ಟೇಪ್ ಮಾಡಿದ ಫೋನ್ ಮಾತನ್ನ ಒಪ್ಪಿಕೊಂಡಿದೆ, ಮಲ್ಕಾನಿ ಕೇಸು. ಆದರೆ ಮೊಬೈಲಿಂದ ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಸರ್ಟಿಫಿಕೇಟ್ ಬೇಕು. ಮೊದಲು ಅದಕ್ಕೆ 65ಬಿ ಅಂತಿದ್ದರು, ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ 63. ಎರಡು ಭಾಗ, ಒಂದಕ್ಕೆ ಕೊಡುವವರ ಸಹಿ, ಇನ್ನೊಂದಕ್ಕೆ ಎಕ್ಸ್‌ಪರ್ಟ್ ಸಹಿ, ಜೊತೆಗೆ ಫೈಲಿನ ಹ್ಯಾಶ್ ಅಂತ ಒಂದು ಉದ್ದದ ನಂಬರ್. ‘ಅದೆಲ್ಲ ತೋರಿಸಿ ಸರ್’ ಅಂದ. ನಿರ್ದೇಶಕರು, ‘ಅಣ್ಣಾ, ಅವಳು ಫೀ ಕಟ್ಟಿ ನಕಲು ತಗೊಂಡರೆ ನನ್ನ ಧಾರಾವಾಹಿ ನಾಳೆಗೇ ಮುಗಿಯುತ್ತೆ. ಮುನ್ನೂರು ಎಪಿಸೋಡು ಓಡಬೇಕು’ ಅಂತ ಕೈ ಮುಗಿದರು. ಮೈದುನ ಎದ್ದು ಹೋಗೋವಾಗ ಮೆಟ್ಟಿಲ ಹತ್ತಿರ ನಿಂತು, ‘ಮೋಸ ಗೊತ್ತಾಗಿ ಮೂರು ವರ್ಷದೊಳಗೆ ಪತ್ರ ರದ್ದಿಗೆ ದಾವೆ ಹಾಕಬೇಕು, ಅದನ್ನಾದರೂ ನೋಡಿಕೊಳ್ಳಿ. ಮುನ್ನೂರು ಎಪಿಸೋಡು ಎಳೀತಾ ಹೋದರೆ ಲಿಮಿಟೇಶನ್ ದಾಟಿಬಿಡುತ್ತೆ’ ಅಂದ.

ಉಪ್ಪರಿಗೆಯ ಸೀನು ಅವರು ಬರೆದ ಹಾಗೇ ಆಯಿತು. ಚೆನ್ನಾಗಿಯೂ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಒಂದನೇ ಪುಸ್ತಕದ ವಿಷಯ ಗೊತ್ತಿದ್ದೂ.

ಸಂಜೆ ಪ್ಯಾಕಪ್. ಉಳಿದ ಅರ್ಧ ದುಡ್ಡು ‘ನಾಳೆ ಅಕೌಂಟಿಗೆ’ ಅಂದವರು ಐವತ್ತೊಂದು ದಿನ ತಗೊಂಡರು. ಹದಿನೇಳು ಸಲ ಫೋನ್ ಮಾಡಿದ್ದೀನಿ, ಲೆಕ್ಕ ಇಟ್ಟಿದ್ದೀನಿ. ಹಂಚಿನ ದುಡ್ಡು ಇವತ್ತಿಗೂ ಬಂದಿಲ್ಲ.

ಡಿಸೆಂಬರಿನಲ್ಲಿ ಎರಡನೇ ಕೊಯ್ಲು. ಟೀವಿ ಜಗಲಿಗೆ ಬಂತು. ನಮ್ಮ ಎಪಿಸೋಡ್ ಯಾವತ್ತು ಬರುತ್ತೆ ಅಂತ ಅವರೂ ಹೇಳಲಿಲ್ಲ, ಹಾಗಾಗಿ ದಿನಾ ನೋಡಬೇಕಾಯಿತು. ನೋಡ್ತಾ ನೋಡ್ತಾ ಒಂದು ರಾತ್ರಿ, ನಾಯಕಿ ಇನ್ನೂ ಬೆಂಗಳೂರಲ್ಲೇ ಇದ್ದಾಳೆ, ಕಂಪನಿ ಕೆಲಸ, ಗಾಜಿನ ಆಫೀಸು, ಅವಳಿಗೆ ನಿಶ್ಚಿತಾರ್ಥ. ಹುಡುಗ ಉಂಗುರ ಹಾಕ್ತಾನೆ. ಕೈಯ ಕ್ಲೋಸಪ್. ಮದರಂಗಿ ಇದೆ, ಚಿನ್ನದ ಬಳೆ ಇದೆ, ಉಗುರಿಗೆ ಕೆಂಪು ಬಣ್ಣ ಇದೆ. ಆದರೆ ಉಗುರಿನ ಸುತ್ತ, ಬೆರಳ ಸಂದಿಯಲ್ಲಿ ಕಪ್ಪು. ನಮ್ಮನೇಲಿ ತೆಗೆದ ಮೇಲೆ ಬೆಂಗಳೂರಿಗೆ ಹೋಗಿ ಈ ಸೀನು ತೆಗೆದಿದ್ದಾರೆ, ಟೀವಿಯಲ್ಲಿ ಇದು ಮೊದಲು ಬಂದಿದೆ. ಮದರಂಗಿ ಹಾಕಿ ಮುಚ್ಚೋಕೆ ನೋಡಿದ್ದಾರೆ ಪಾಪ.

ಸುಲಿಯೋ ಎಂಟೂ ಕತ್ತಿ ಒಟ್ಟಿಗೆ ನಿಂತವು.

‘ನೋಡ್ರೇ’ ಅಂದರು ದೊಡ್ಡಕ್ಕ. ‘ನಮ್ಮಲ್ಲಿಗೆ ಬರೋ ಮೊದಲೇ ಬೇರೆ ಕಡೆ ಸುಲಿದು ಬಂದಿದ್ದಾಳೆ ಕಳ್ಳಿ.’

ಆ ಹುಡುಗ, ಅವನ ತಾಯಿ, ಮನೆತುಂಬ ನೆಂಟರು, ಯಾರೂ ಅವಳ ಕೈ ನೋಡಲಿಲ್ಲ. ನಮ್ಮ ಜಗಲಿಯಲ್ಲಿ ಮಾತ್ರ ಇದೇ ಮಾತು ಮೂರು ದಿನ.

ನಮ್ಮ ಎಪಿಸೋಡ್ ಬಂದಿದ್ದು ಅದಾಗಿ ವಾರಕ್ಕೆ. ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೂತಿದ್ದರು. ಅತ್ತೆ ಹಿಂದೆ ಕಾಣ್ತಾರೆ ಅಂತ ಕಾದಿದ್ದೇ ಬಂತು, ಅವರು ಕಷಾಯದ ತಟ್ಟೆ ಹಿಡಿದು ಹೋಗೋದನ್ನ ಕತ್ತರಿಸಿ ಹಾಕಿದ್ದರು. ಅವರ ಮುಖ ಮತ್ತೆ ಭರಣಿ ಆಯಿತು. ಮುಂಡಿಗೆ ಚೆನ್ನಾಗಿ ಬಂದಿತ್ತು. ಕೊಳಗವೂ ಬಂದಿತ್ತು. ಸಾಹುಕಾರ ‘ಕೈ ತೋರಿಸು’ ಅಂದ, ಅವಳು ಚಾಚಿದಳು, ಹಿಂದೆ ಡಮಡಮ ಅಂತ ಬಡಿದರು. ಆಮೇಲೆ ಸುಲಿಯೋ ಕೈಗಳ ಕ್ಲೋಸಪ್. ನಾಲ್ಕು ಸೆಕೆಂಡು ಇದ್ದಿರಬಹುದು. ಟೀವಿಯಲ್ಲಿ ಎರಡು ಕೈ, ಕತ್ತಿ, ಒಂದು ತಿರುವು, ಇನ್ನೊಂದು ತಿರುವು, ಅಡಿಕೆ ಹೊರಗೆ. ಎಡಗೈ ಹೆಬ್ಬೆರಳ ಮೇಲೆ ಉದ್ದಕ್ಕೆ ಗೆರೆ. ಟೀವಿ ಕೆಳಗೆ ಅದೇ ಎರಡು ಕೈ, ಅದೇ ಕತ್ತಿ, ಅದೇ ತಿರುವು. ದೊಡ್ಡಕ್ಕ ಸುಲಿಯೋದು ನಿಲ್ಲಿಸಲಿಲ್ಲ. ಕಣ್ಣು ಮಾತ್ರ ಟೀವಿ ಮೇಲೆ.

‘ಅಜ್ಜೀ, ಅದು ನಿನ್ನ ಕೈ!’ ಅಂತ ಅವರ ಮೊಮ್ಮಗ ಕಿರುಚಿದ.

‘ಸುಮ್ನಿರಾ’ ಅಂದರು. ‘ಎಲ್ಲರಿಗೂ ಗೊತ್ತಾದ್ರೆ ಆ ಹುಡುಗಿ ಸಿಕ್ಕಿ ಬೀಳ್ತಾಳೆ.’

ಮಾರನೇ ದಿನ ಬೆಳಗ್ಗೆ ಅವರು ಮಣೆ ಮೇಲೆ ಕೂರಲಿಲ್ಲ. ಮೆಟ್ಟುಗತ್ತಿ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಅತ್ತೆಯ ಎದುರಿಗೆ ಬಂದು ನಿಂತರು. ‘ಅಮ್ಮಾ, ಡಬ್ಬಕ್ಕೆ ಹತ್ತು ರೂಪಾಯಿ ಜಾಸ್ತಿ ಮಾಡಬೇಕು. ಟೀವಿಗೆ ಬಂದ ಕೈ ಇದು.’

ಅತ್ತೆ ತಾವೇ ಟೀವಿಗೆ ಬಾರದ ಸಿಟ್ಟಿನಲ್ಲಿದ್ದರು. ಸ್ವಲ್ಪ ಹೊತ್ತು ಆ ಹೆಬ್ಬೆರಳನ್ನೇ ನೋಡಿ, ‘ಐದು’ ಅಂದರು.

‘ಏಳು.’

‘ಹೂಂ, ಕೂತ್ಕೋ.’